ಮಾವನವರು ನಡೆದ ಬೀದಿಗಳು

ಮೈಸೂರಿನ ಕೃಷ್ಣಮೂರ್ತಿಪುರಂ ಬಡಾವಣೆಯನ್ನು ಬಲ್ಲವರು ನಮ್ಮ ಓದುಗ ಬಂಧುಗಳಲ್ಲಿ ಅನೇಕರಿರಬಹುದು. ವಿದ್ಯಾಭ್ಯಾಸಕ್ಕೆಂದು ಬಂದು ಇಲ್ಲಿ ಬಾಡಿಗೆಯ ಕೋಣೆ ಹಿಡಿದಿದ್ದವರು, ನಂಜುಮಳಿಗೆಯಲ್ಲಿ ಹಣ್ಣು ಕಾಯಿ ಕೊಂಡವರು, ಮಗಳ ಸಂಬಂಧ ನೋಡಲು ಬಂದು ಮನೆ ತಿಳಿಯದೆ ಅಡ್ಡರಸ್ತೆಗಳಲ್ಲಿ ಎರಡು ಸುತ್ತು ಹಾಕಿದವರು, ಹೀಗೆ. ಈ ಬಡಾವಣೆಯ ಒಂದು ಹೆಂಚಿನ ಮನೆಗೆ ನಾವಿಬ್ಬರು ಸೊಸೆಯರಾಗಿ ಬಂದೆವು. ಹಿರಿಯಳು 1989ರಲ್ಲಿ, ಕಿರಿಯಳು 1994ರಲ್ಲಿ. ಆ ಮನೆಯ ಹಿರಿಯರಾಗಿದ್ದ ನಮ್ಮ ಪೂಜ್ಯ ಮಾವನವರು ಲಿಂಗೈಕ್ಯರಾಗಿ ಈಗ ಒಂದು ವರ್ಷ ಸಂದಿದೆ. ವರ್ಷದ ಸ್ಮರಣೆಯ ಹಿಂದಿನ ದಿನ ಬೆಳಗಿನ ಜಾವ ನಾವಿಬ್ಬರೂ ಮೊಮ್ಮಕ್ಕಳಿಬ್ಬರನ್ನು ಜೊತೆಗೆ ಕರೆದುಕೊಂಡು, ಅವರು ಐವತ್ತು ವರ್ಷಕ್ಕೂ ಮೇಲ್ಪಟ್ಟು ನಿತ್ಯವೂ ನಡೆಯುತ್ತಿದ್ದ ದಾರಿಯಲ್ಲಿ ಒಮ್ಮೆ ನಡೆದು ಬಂದೆವು. ಆ ನಡಿಗೆಯ ವೃತ್ತಾಂತವನ್ನೇ ಇಲ್ಲಿ ಬರೆಯುತ್ತಿದ್ದೇವೆ. ನಾವಿಬ್ಬರೂ ಕೂಡಿ ಬರೆದದ್ದರಿಂದ ಎಲ್ಲಿ ಹಿರಿಯಳ ಮಾತು, ಎಲ್ಲಿ ಕಿರಿಯಳ ಮಾತು ಎಂದು ಬೇರ್ಪಡಿಸಿಲ್ಲ. ಮಾವನವರು ಬದುಕಿದ್ದಾಗಲೂ ಹಾಗೆ ಬೇರ್ಪಡಿಸಿ ನೋಡಿದವರಲ್ಲ.

ಅವರು ಪ್ರೌಢಶಾಲೆಯ ಗಣಿತದ ಮೇಷ್ಟರು. ಬೆಳಗ್ಗೆ ನಾಲ್ಕೂವರೆಗೆ ಏಳುವುದು, ಸ್ನಾನ, ಲಿಂಗಪೂಜೆ, ಅನಂತರ ಒಂದು ಲೋಟ ಹಾಲು, ಆಮೇಲೆ ನಡಿಗೆ. ಪೂಜೆಯಾಗದೆ ಬಾಯಿಗೆ ಒಂದು ತೊಟ್ಟು ನೀರನ್ನೂ ಹಾಕಿದವರಲ್ಲ. ಜ್ವರ ಬಂದು ಮಲಗಿದ ದಿನವೂ ಗೋಡೆಗೆ ಒರಗಿ ಕುಳಿತು, ಎಡದ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆ ಮುಗಿಸಿದ ಮೇಲೆಯೇ ಕಷಾಯ ಕುಡಿಯುತ್ತಿದ್ದರು. ಪೂಜೆಗೆ ನೀರು, ವಿಭೂತಿ, ಹೂವು ಅಣಿಮಾಡಿ ಇಡುವುದು ನಮ್ಮಿಬ್ಬರ ಸರದಿಯ ಕೆಲಸವಾಗಿತ್ತು. ಹೂವು ಮಾತ್ರ ನಮ್ಮ ಮನೆಯದಲ್ಲ. ಎದುರು ಮನೆಯ ಬ್ರಾಹ್ಮಣರ ಅಜ್ಜಿ ತಮ್ಮ ಕಾಂಪೌಂಡಿನ ನಂದಿಬಟ್ಟಲು, ಕಣಗಿಲೆಗಳನ್ನು ಕೊಯ್ದು, ಬಾಳೆಲೆಯ ತುಂಡಿನಲ್ಲಿ ಸುತ್ತಿ ನಮ್ಮ ಗೇಟಿನ ಮೇಲಿಟ್ಟು ಹೋಗುತ್ತಿದ್ದರು. ಪ್ರತಿಯಾಗಿ ಮಾವನವರು ಊರಿನಿಂದ ತಂದ ರಸಬಾಳೆಯ ಚಿಪ್ಪೊಂದು ಅವರ ಮನೆಗೆ ಹೋಗುತ್ತಿತ್ತು. ನಂಜನಗೂಡಿನ ರಸಬಾಳೆ ಸೊರಗು ರೋಗಕ್ಕೆ ಸಿಕ್ಕಿ ತೋಟಗಳು ವಿರಳವಾದ ಮೇಲೆ ಚಿಪ್ಪಿನಲ್ಲಿ ಹಣ್ಣುಗಳ ಸಂಖ್ಯೆ ಕಡಿಮೆಯಾಯಿತು, ಹೂವು ಕಡಿಮೆಯಾಗಲಿಲ್ಲ. ಈ ಲೆಕ್ಕದಲ್ಲಿ ತಾವು ಸಾಲಗಾರರಾಗಿದ್ದೇವೆಂದು ಗಣಿತದ ಮೇಷ್ಟರು ಆಗಾಗ ನಗುತ್ತಿದ್ದರು.

ನಾವು ಮನೆಯಿಂದ ಹೊರಟಾಗ ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು. ಮೊಮ್ಮಗಳು ಬೆಂಗಳೂರಿನಿಂದ ಹಿಂದಿನ ರಾತ್ರಿಯಷ್ಟೇ ಬಂದಿದ್ದಳು. ಅಲ್ಲಿ ಆಕೆಗೆ ಕಂಪ್ಯೂಟರಿನ ಉದ್ಯೋಗ. ಮೊಮ್ಮಗನು ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದಾನೆ. ತಾತನ ಬೆತ್ತವನ್ನು ತಾನೇ ಹಿಡಿಯುವೆನೆಂದು ಹಟಮಾಡಿ ಕೈಗೆ ತೆಗೆದುಕೊಂಡಿದ್ದ.

ಈ ಬಡಾವಣೆಗೆ ಹೆಸರು ಬಂದದ್ದು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಪಿ.ಎನ್. ಕೃಷ್ಣಮೂರ್ತಿಯವರಿಂದ. ಅವರು ದಿವಾನ್ ಪೂರ್ಣಯ್ಯನವರ ವಂಶಸ್ಥರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಕೋಟೆಯ ಸುತ್ತಲಿನ ಇಕ್ಕಟ್ಟಾದ ಕೇರಿಗಳಲ್ಲಿ ಜನ ತತ್ತರಿಸಿದ ಮೇಲೆ, ಗಾಳಿ ಬೆಳಕು ಆಡುವಂಥ ಬಡಾವಣೆಗಳು ಬೇಕೆಂಬ ಅರಿವು ಸರ್ಕಾರಕ್ಕೆ ಬಂತು. ನಗರಾಭಿವೃದ್ಧಿಗೆಂದೇ 1903ರಲ್ಲಿ ಒಂದು ವಿಶ್ವಸ್ತ ಮಂಡಳಿ ಏರ್ಪಟ್ಟಿತು. ಅಗಲವಾದ ನೇರ ರಸ್ತೆಗಳು, ಅವುಗಳನ್ನು ಅಡ್ಡ ಹಾಯುವ ರಸ್ತೆಗಳು, ಮನೆಗಳ ಹಿಂಭಾಗದಲ್ಲಿ ಕನ್ಸರ್ವೆನ್ಸಿ ಗಲ್ಲಿಗಳು. ಮಾವನವರು ಮೊಮ್ಮಕ್ಕಳಿಗೆ ಸಮಾಂತರ ರೇಖೆ, ಲಂಬರೇಖೆಗಳನ್ನು ಕಲಿಸಿದ್ದು ಪುಸ್ತಕದಲ್ಲಲ್ಲ, ಈ ರಸ್ತೆಗಳಲ್ಲಿ. ಎರಡು ಮುಖ್ಯರಸ್ತೆಗಳು ಎಷ್ಟು ದೂರ ಹೋದರೂ ಕೂಡುವುದಿಲ್ಲವೆಂದು ಹೇಳಿ, ಅವು ನಿಜವಾಗಿಯೂ ಕೂಡುವುದಿಲ್ಲವೇ ಎಂದು ನೋಡಿಬರಲು ಐದು ವರ್ಷದ ಮೊಮ್ಮಗಳನ್ನು ಒಮ್ಮೆ ಕಳುಹಿಸಿಬಿಟ್ಟಿದ್ದರು. ಅರ್ಧ ತಾಸು ಕಳೆದರೂ ಮಗು ಬರದೆ ಮನೆಯಲ್ಲಿ ದೊಡ್ಡ ಗಲಭೆಯಾಯಿತು. ಅವಳು ಶಾರದಾವಿಲಾಸ ಕಾಲೇಜಿನ ಗೇಟಿನ ಬಳಿ ಕಡಲೆಕಾಯಿ ಮಾರುವವಳ ಪಕ್ಕದಲ್ಲಿ ಕುಳಿತಿದ್ದಳು. ಆ ಜಾಗಕ್ಕೆ ಬಂದಾಗ ಮೊಮ್ಮಗಳು ನಿಂತು, “ಇಲ್ಲೇ ಅಲ್ಲವೇ ಅಮ್ಮ, ನೀವು ನನಗೆ ಹೊಡೆದದ್ದು?” ಎಂದು ಕೇಳಿದಳು. ಹೊಡೆದದ್ದು ಮರೆತಿರಲಿಲ್ಲ, ಕಾರಣ ಮರೆತಿದ್ದಳು.

ನಾವು ಮದುವೆಯಾಗಿ ಬಂದ ಕಾಲದಲ್ಲಿ ಮಂಗಳೂರು ಹೆಂಚಿನ ಮನೆಗಳೇ ಹೆಚ್ಚಾಗಿದ್ದವು. ಮುಂದೆ ಜಗಲಿ, ಮರದ ಜಾಲರಿ, ಹಿತ್ತಿಲಲ್ಲಿ ಒಂದು ತೆಂಗು, ಒಂದು ಕರಿಬೇವು. ಈಗ ನಮ್ಮ ಅಡ್ಡರಸ್ತೆಯಲ್ಲಿ ಅಂಥವು ಬೆರಳೆಣಿಕೆಯಷ್ಟು. ಅವುಗಳ ಸ್ಥಳದಲ್ಲಿ ಮೂರಂತಸ್ತು, ನಾಲ್ಕಂತಸ್ತಿನ ವಸತಿಗೃಹಗಳು ಎದ್ದಿವೆ. ಇದಕ್ಕಾಗಿ ಯಾರನ್ನೂ ದೂರಲಾರೆವು. ಮಕ್ಕಳು ಮೂವರಾದ ಮನೆಗಳಲ್ಲಿ ಭಾಗವಾಗದೆ ಇನ್ನೇನಾದೀತು? ಆದರೆ ಜಗಲಿಗಳು ಹೋದವು. ನಮ್ಮ ಮನೆಯ ಜಗಲಿಯ ಮೇಲೆ ಪರೀಕ್ಷೆಯ ಮುಂಚಿನ ತಿಂಗಳುಗಳಲ್ಲಿ ಹತ್ತು ಹದಿನೈದು ಹುಡುಗರು ಕುಳಿತು ಮಾವನವರಿಂದ ಲೆಕ್ಕ ಹೇಳಿಸಿಕೊಳ್ಳುತ್ತಿದ್ದರು. ಹಾಸ್ಟೆಲಿನಿಂದ ಬಂದ ಹುಡುಗರಿಂದ ಒಂದು ಕಾಸನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದರ ಹಿನ್ನೆಲೆ ನಮಗೆ ಬಹಳ ಕಾಲ ತಿಳಿದಿರಲಿಲ್ಲ.

ತಿಳಿದದ್ದು ರೈಲು ನಿಲ್ದಾಣದಲ್ಲಿ. ಅವರ ನಡಿಗೆಯ ಮೊದಲ ತಂಗುದಾಣ ಚಾಮರಾಜಪುರಂ ನಿಲ್ದಾಣದ ಕಲ್ಲುಬೆಂಚು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಅದು ಚಾಮರಾಜನಗರದವರೆಗೆ ಮುಂದುವರಿದದ್ದು 1926ರಲ್ಲಿ. ಕಿರಿದಾದ ಮೀಟರ್ ಗೇಜಿನ ಹಳಿ 2008ರಲ್ಲಿ ಅಗಲವಾಯಿತು. ಹದಿಮೂರು ವರ್ಷದ ಹಳ್ಳಿಯ ಹುಡುಗ ತಗಡಿನ ಟ್ರಂಕು, ಒಂದು ಚೀಲ ರಾಗಿ, ತಾಯಿ ಕಟ್ಟಿಕೊಟ್ಟ ಬುತ್ತಿಯೊಡನೆ ಆ ಹಳೆಯ ರೈಲಿನಿಂದ ಇದೇ ನಿಲ್ದಾಣದಲ್ಲಿ ಇಳಿದನಂತೆ. ಸುತ್ತೂರು ಮಠದ ಜಗದ್ಗುರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಹಳ್ಳಿಯ ಮಕ್ಕಳ ಊಟ ವಸತಿಗೆಂದು 1941ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ಆರಂಭಿಸಿದ್ದರು. ಹುಡುಗನಿಗೆ ಅಲ್ಲಿ ಎಡೆ ದೊರೆಯಿತು. ಊರಿನ ಶಾನುಭೋಗರು ಬರೆದುಕೊಟ್ಟ ವಿಳಾಸದ ಚೀಟಿಯನ್ನು ದಾರಿಯಲ್ಲಿ ಬೆವರಿನ ಕೈಯಲ್ಲಿ ಹಿಡಿದು ಹಿಡಿದು ಅಕ್ಷರ ಅಳಿಸಿಹೋಗಿತ್ತಂತೆ. ದಾರಿಯಲ್ಲಿ ಯಾರನ್ನು ಕೇಳಿದರೂ, ಅವನ ಕೊರಳಿನ ಕರಡಿಗೆಯನ್ನು ನೋಡಿ, “ಮಠದ ಹುಡುಗನೋ? ಹೀಗೆ ಹೋಗು” ಎಂದು ಕೈ ತೋರಿಸಿದರು. “ಈ ಊರಿನಲ್ಲಿ ನನ್ನ ಮೊದಲ ವಿಳಾಸ ನನ್ನ ಎದೆಯ ಮೇಲೆಯೇ ಇತ್ತು” ಎಂದು ಆ ಬೆಂಚಿನ ಮೇಲೆ ಕುಳಿತು ಹೇಳಿದ್ದರು. ಅದು ಅವರ ತಂದೆ ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆ. ಮುಂದೆ ನೌಕರಿ, ಮದುವೆ, ಮನೆ ಎಲ್ಲ ಆದವು, ಕರಡಿಗೆ ಬದಲಾಗಲಿಲ್ಲ. ಶಿವದಾರವನ್ನು ಮಾತ್ರ ಕಾಲಕಾಲಕ್ಕೆ ಹೊಸದಾಗಿ ಕಟ್ಟಿಕೊಳ್ಳುತ್ತಿದ್ದರು.

ಕರಡಿಗೆಯ ಒಂದು ಪಕ್ಕದಲ್ಲಿ ಸಣ್ಣದೊಂದು ನೆಗ್ಗು ಇದೆ. ಮೊಮ್ಮಗಳಿಗೆ ಹಲ್ಲು ಬರುವ ಸಮಯದಲ್ಲಿ ತಾತನ ಮಡಿಲಲ್ಲಿ ಕುಳಿತು ಕರಡಿಗೆಯನ್ನು ಕಚ್ಚುತ್ತಿದ್ದಳು. ಒಂದು ದಿನ ಸ್ನಾನಕ್ಕೆ ಮುಂಚೆ ಶಿವದಾರ ಬದಲಿಸುವಾಗ ಎಳೆದು ಕಲ್ಲುನೆಲದ ಮೇಲೆ ಬೀಳಿಸಿಬಿಟ್ಟಳು. ನಮ್ಮಿಬ್ಬರ ಎದೆ ಧಸಕ್ಕೆಂದಿತು. ಮಾವನವರು ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಭಿನ್ನವಾಗಿಲ್ಲವೆಂದು ನೋಡಿ, ಮಗುವಿನ ಹಣೆಗೆ ವಿಭೂತಿ ಹಚ್ಚಿದರು. ಅಕ್ಕಸಾಲಿಗರ ಬಳಿ ನೆಗ್ಗು ತೆಗೆಸೋಣವೆಂದು ನಮ್ಮ ಮನೆಯವರು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಈ ಕರಡಿಗೆಯ ವಿಚಾರವನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ.

ಅವರ ತೊಂಬತ್ತೊಂದನೆಯ ವಯಸ್ಸಿನಲ್ಲಿ, ಪೂಜೆ ಮುಗಿಸಿ ಏಳುತ್ತಿದ್ದ ಹೊತ್ತಿಗೇ, ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ತಲೆಯ ಚಿತ್ರ ತೆಗೆಯುವ ಯಂತ್ರದೊಳಗೆ ಕಳುಹಿಸುವ ಮುನ್ನ ಅಲ್ಲಿಯ ಸಿಬ್ಬಂದಿ, ಮೈಮೇಲೆ ಲೋಹದ ವಸ್ತು ಏನೂ ಇರಬಾರದೆಂದು ಹೇಳಿ, ಕರಡಿಗೆಯನ್ನು ಕೊರಳಿನಿಂದ ತೆಗೆದು ನಮ್ಮ ಕೈಗೆ ಕೊಟ್ಟರು. ಅವರ ನಿಯಮ ಸರಿಯಾದದ್ದೇ. ನಾವು ಅವರನ್ನು ದೂರುವುದಿಲ್ಲ. ತಪ್ಪು ನಮ್ಮದು. ಲೋಹವಾಗಿದ್ದದ್ದು ಕರಡಿಗೆ. ಒಳಗಿನ ಲಿಂಗ ಶಿಲೆಯದು, ಅದರ ಮೇಲಿನದು ಕಂತಿಯ ಹೊದಿಕೆ. ಲಿಂಗವನ್ನು ಹೊರತೆಗೆದು ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ ಮೈಮೇಲೆ ಇರಿಸಬಹುದೇ ಎಂದು ಒಂದು ಮಾತು ಕೇಳಬೇಕೆಂಬುದು ನಮಗೆ ಹೊಳೆಯಲೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇಂದಿಗೂ ಬಟ್ಟೆಯಲ್ಲಿಯೇ ಲಿಂಗವನ್ನು ಕಟ್ಟಿಕೊಳ್ಳುತ್ತಾರಲ್ಲವೇ? ಹೆದರಿಕೆಯಲ್ಲಿ ಬುದ್ಧಿ ಓಡಲಿಲ್ಲ. ಓದುವ ಸಹೋದರಿಯರು ದಯವಿಟ್ಟು ಈ ಒಂದು ಅಂಶವನ್ನು ಗಮನದಲ್ಲಿಡಬೇಕು: ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಒಂದು ಬಿಳಿಯ ವಸ್ತ್ರ ಜೊತೆಗಿರಲಿ, ವೈದ್ಯರನ್ನು ಮೊದಲೇ ವಿಚಾರಿಸಿ.

ಅಲ್ಲಿಂದ ಅವರನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸಿದರು. ಹಗಲಿನಲ್ಲಿ ಐದು ನಿಮಿಷ ಮಾತ್ರ ಒಳಗೆ ಹೋಗಲು ಅಪ್ಪಣೆ. ರಾತ್ರಿಯೆಲ್ಲ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಹಿರಿಯಳ ಸೆರಗಿನಲ್ಲಿ ಕರಡಿಗೆ. ಪ್ರಾಣ ಹೋದರೂ ಅಂಗದಿಂದ ಲಿಂಗ ಅಗಲಬಾರದೆಂದು ನಂಬಿ ಬದುಕಿದವರು ಒಂದು ಗೋಡೆಯ ಆಚೆಗೆ, ಲಿಂಗ ಈಚೆಗೆ. ಮಧ್ಯರಾತ್ರಿ ಒಬ್ಬ ದಾದಿ ಹೊರಬಂದು, “ತಾತ ಕೈ ಚಾಚುತ್ತಿದ್ದಾರೆ, ಬಾಯಾರಿರಬೇಕು, ತುಟಿ ಒದ್ದೆ ಮಾಡಿದ್ದೇವೆ” ಎಂದಳು. ನಾವು ತಲೆಯಾಡಿಸಿದೆವು. ನಾಲ್ಕು ಗಂಟೆಯ ಹೊತ್ತಿಗೆ ನೆಲ ಒರೆಸಲು ಬಂದ ಆಯಾ ಒಬ್ಬಳು, ಟಿ. ನರಸೀಪುರದ ಕಡೆಯ ವಯಸ್ಸಾದ ಹೆಂಗಸು, ಬಕೆಟ್ಟನ್ನು ಕೆಳಗಿಟ್ಟು ನಮ್ಮ ಹತ್ತಿರ ಬಂದು ಹೇಳಿದಳು: “ಅವ್ವಾ, ತಾತ ನೀರು ಕೇಳ್ತಿಲ್ಲ. ನೀರು ಕೊಟ್ರೆ ಬಾಯಿ ಮುಚ್ಕೋತಾರೆ. ಎಡಗೈ ಹಿಂಗೆ ಬಿಚ್ಚಿ ಮಡಗವ್ರೆ. ದಿನಾ ಅದ್ರಲ್ಲಿ ಏನಾರ ಇಟ್ಕೊತಿದ್ರಾ?”

ಆಗ ನಮಗೆ ತಿಳಿಯಿತು. ಅದು ನಾಲ್ಕೂವರೆಯ ಸಮಯ. ಅಷ್ಟು ವರ್ಷ ಅವರ ಪೂಜೆಗೆ ನೀರಿಟ್ಟ ನಮಗೆ ತಿಳಿಯದಿದ್ದದ್ದು ಆ ತಾಯಿಗೆ ತಿಳಿಯಿತು. ಅವಳ ಕುಲ ಯಾವುದೆಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ರಾತ್ರಿಪಾಳಿಯ ವೈದ್ಯರು ಎಳೆಯ ವಯಸ್ಸಿನವರು. ವಿಷಯ ಕೇಳಿ, “ಬೆಳ್ಳಿ ಬೇಡ, ಬಟ್ಟೆಯಲ್ಲಿ ಕಟ್ಟಿ ಕೊಡಿ, ಅಭ್ಯಂತರವಿಲ್ಲ” ಎಂದರು. ಆದರೆ ಕರಡಿಗೆಯನ್ನು ತೆರೆಯುವವರು ಯಾರು? ಒಬ್ಬರ ಇಷ್ಟಲಿಂಗವನ್ನು ಮತ್ತೊಬ್ಬರು ಮುಟ್ಟಬಾರದೆಂದು ಕೇಳಿ ಬೆಳೆದವರು ನಾವು. ಗುರುಗಳನ್ನು ಕೇಳುವ ಹೊತ್ತಲ್ಲ, ಮನೆಯವರು ಊರಿನಲ್ಲಿಲ್ಲ. ಕೊನೆಗೆ ನಾವಿಬ್ಬರೂ ಕೈಕಾಲು ತೊಳೆದು, ವಿಭೂತಿ ಧರಿಸಿ, ಅವರದೇ ಒಂದು ಪಂಚೆಯ ಅಂಚನ್ನು ಹರಿದು, ಲಿಂಗವನ್ನು ಅದರೊಳಗೆ ಇಳಿಸಿ ಕಟ್ಟಿದೆವು. ಮಾಡಿದ್ದು ಸರಿಯೋ ತಪ್ಪೋ ಎಂಬ ಅಳುಕು ಬಹಳ ದಿನ ಇತ್ತು. ಅನಂತರ ಒಬ್ಬ ಹಿರಿಯ ಸ್ವಾಮಿಗಳಲ್ಲಿ ನಿವೇದಿಸಿಕೊಂಡಾಗ ಅವರು, “ಲಿಂಗವನ್ನು ಅಂಗಕ್ಕೆ ಸೇರಿಸಿದಿರಿ, ಅಗಲಿಸಲಿಲ್ಲವಲ್ಲ” ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೊರಳಿದರು. ಹಿರಿಯಳು ಒಳಗೆ ಹೋಗಿ ಆ ಗಂಟನ್ನು ಅಂಗೈಯ ಮೇಲಿಟ್ಟಳು. ಕಣ್ಣು ತೆರೆಯಲಿಲ್ಲ. ಬೆರಳುಗಳು ಮಡಿಸಿಕೊಂಡವು. ಆಮೇಲೆ ದಾದಿ ಕೊಟ್ಟ ನೀರನ್ನು ಕುಡಿದರು.

ಮೊಮ್ಮಗಳಿಗೆ ಈ ಸಂಗತಿ ಗೊತ್ತಿರಲಿಲ್ಲ. ಆಗ ಅವಳು ಬೆಂಗಳೂರಿನಲ್ಲಿದ್ದಳು. ಚಾಮರಾಜಪುರಂ ನಿಲ್ದಾಣದ ಬೆಂಚಿನ ಮೇಲೆಯೇ ಅವಳಿಗೆ ಇದನ್ನೆಲ್ಲ ಹೇಳಿದೆವು. ಅವಳು ಏನೂ ಹೇಳದೆ ಹಳಿಗಳನ್ನು ನೋಡುತ್ತಾ ಕುಳಿತಳು. ಮೊಮ್ಮಗ ಬೆತ್ತದಿಂದ ನೆಲದ ಮೇಲೆ ಏನನ್ನೋ ಗೀಚುತ್ತಿದ್ದ. ಹೊತ್ತೇರುತ್ತಿತ್ತು, ಎದ್ದೆವು.

ಅಲ್ಲಿಂದ ಮಾವನವರ ದಾರಿ ನಂಜುಮಳಿಗೆಗೆ. ಬೆಳಗಿನ ನಂಜುಮಳಿಗೆಯನ್ನು ವರ್ಣಿಸುವ ಅಗತ್ಯವಿಲ್ಲ. ಸೊಪ್ಪಿನವರು, ಹೂವಿನವರು, ಬಸ್ಸಿಗೆ ಓಡುವವರು. ಅವರು ಅಲ್ಲಿ ವೀಳ್ಯದೆಲೆ ಕೊಳ್ಳುತ್ತಿದ್ದರು. ತಾವು ಹಾಕಿಕೊಳ್ಳುವ ಅಭ್ಯಾಸವಿರಲಿಲ್ಲ, ಮನೆಗೆ ಬಂದ ಮುತ್ತೈದೆಯರಿಗೆ ಕೊಡಲು. ಮೈಸೂರಿನ ಚಿಗುರೆಲೆಯ ತೊಟ್ಟನ್ನು ಮುರಿದು ಮೂಸಿ ನೋಡಿ ಕಟ್ಟನ್ನು ಆರಿಸುವ ಅವರ ಪದ್ಧತಿ ಎಲೆ ಮಾರುವವಳಿಗೆ ತಿಳಿದಿತ್ತು. ಬೆತ್ತವನ್ನು ನೋಡಿಯೇ ಗುರುತು ಹಿಡಿದು, “ಮೇಷ್ಟ್ರ ಮೊಮ್ಮಗನಾ?” ಎಂದು ಕೇಳಿ, ಬೇಡವೆಂದರೂ ಒಂದು ಕಟ್ಟು ಎಲೆಯನ್ನು ಹುಡುಗನ ಕೈಗಿಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಅಗ್ರಹಾರದಲ್ಲಿ ನೂರೊಂದು ಗಣಪತಿ ದೇವಸ್ಥಾನವನ್ನು ದಾಟಿ ರಾಮಾನುಜ ರಸ್ತೆಗೆ ಬಂದರೆ ಅವರ ನಡಿಗೆಯ ಕೊನೆಯ ಹಂತ. ಮಹಾಸ್ವಾಮಿಗಳವರ ಹೆಸರಿನ ವೃತ್ತದ ಬಳಿ ಜೆಎಸ್‌ಎಸ್ ಮಹಾವಿದ್ಯಾಪೀಠದ ಕಚೇರಿಯಿದೆ. 1954ರಲ್ಲಿ ಸ್ಥಾಪಿತವಾದ ಆ ವಿದ್ಯಾಪೀಠ ಇಂದು ಎಲ್ಲಿಯವರೆಗೆ ಬೆಳೆದಿದೆಯೆಂಬುದು ಓದುಗರಿಗೆ ತಿಳಿದದ್ದೇ. ಮಾವನವರು ಅಲ್ಲಿ ಪಾದರಕ್ಷೆಗಳನ್ನು ಬಿಟ್ಟು, ರಸ್ತೆಯ ಅಂಚಿನಲ್ಲಿ ನಿಂತಲ್ಲೇ ಕೈಮುಗಿದು ಹಿಂದಿರುಗುತ್ತಿದ್ದರು. ಒಳಗೆ ಹೋಗುತ್ತಿರಲಿಲ್ಲ. ಮಹಾಸ್ವಾಮಿಗಳವರು 1986ರಲ್ಲಿ ಲಿಂಗೈಕ್ಯರಾದ ಮೇಲೆ ಅವರು ಬೆಳಗಿನ ನಡಿಗೆಯನ್ನು ಇಲ್ಲಿಯವರೆಗೆ ಬೆಳೆಸಿದರೆಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಹಾಸ್ಟೆಲಿನ ಹುಡುಗರಿಂದ ಹಣ ತೆಗೆದುಕೊಳ್ಳದಿದ್ದ ಕಾರಣವನ್ನು ನಾವು ಒಮ್ಮೆ ನೇರವಾಗಿ ಕೇಳಿದ್ದೆವು. “ಅಲ್ಲಿ ನಾನು ಉಂಡ ಊಟಕ್ಕೆ ಬಿಲ್ಲು ಬಂದಿಲ್ಲವಲ್ಲಮ್ಮ” ಎಂದಿದ್ದರು.

ಆಸ್ಪತ್ರೆಯಿಂದ ಅವರನ್ನು ನಾಲ್ಕನೆಯ ದಿನ ಮನೆಗೆ ಕರೆತಂದೆವು. ಮಾಡುವಂಥದ್ದು ಇನ್ನೇನೂ ಉಳಿದಿಲ್ಲವೆಂದು ವೈದ್ಯರು ಹೇಳಿದ್ದರು. ಎರಡು ದಿನ ತಮ್ಮ ಕೋಣೆಯಲ್ಲಿಯೇ ಇದ್ದು, ಮೂರನೆಯ ದಿನ ಬೆಳಗ್ಗೆ, ಗೇಟಿನ ಮೇಲೆ ಹೂವು ಬಂದಿದ್ದ ಹೊತ್ತಿನಲ್ಲಿ, ಲಿಂಗೈಕ್ಯರಾದರು. ಬಟ್ಟೆಯ ಗಂಟು ಅಂಗೈಯಲ್ಲಿಯೇ ಇತ್ತು.

ಊರಿನ ಹೊಲದಲ್ಲಿ, ತಂದೆತಾಯಿಯರ ಸಮಾಧಿಯ ಪಕ್ಕದಲ್ಲಿ ತಮ್ಮ ಸ್ಥಳವೆಂದು ಅವರು ಮೊದಲೇ ಹೇಳಿದ್ದರು. ನಂಜನಗೂಡಿನ ರಸ್ತೆಯಲ್ಲಿ, ಕಡಕೊಳ ದಾಟಿ, ಕಪಿಲೆಯ ಮೇಲಿನ ಹಳೆಯ ಸೇತುವೆಯನ್ನು ಪಕ್ಕದಲ್ಲಿ ಕಾಣುತ್ತಾ ಹೋದೆವು. 1735ರಲ್ಲಿ ದಳವಾಯಿಗಳು ಕಟ್ಟಿಸಿದ ಆ ಕಲ್ಲುಸೇತುವೆಯ ಮೇಲೆ ರಸ್ತೆಯೂ ರೈಲೂ ಒಟ್ಟಿಗೆ ಸಾಗಿದ್ದ ಕಾಲವಿತ್ತು. ಹದಿಮೂರರ ಹುಡುಗ ಮೈಸೂರಿಗೆ ಬಂದದ್ದು ಅದರ ಮೇಲೆಯೇ. ಊರಿನಲ್ಲಿ ಅವರಿಗೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಪದ್ಮಾಸನದಲ್ಲಿ ಕುಳ್ಳಿರಿಸಿದರು. ಮಲಗಿದ್ದಾಗ ನೋಡಲಾರದಿದ್ದ ಮುಖ ಕುಳಿತಾಗ ನಮ್ಮ ಹಳೆಯ ಮಾವನವರದೇ ಆಯಿತು. ಗೂಡಿನೊಳಗೆ ಇಳಿಸಿದ ಮೇಲೆ ಐನವರು ಬಟ್ಟೆಯ ಗಂಟನ್ನು ಬಿಚ್ಚಿ ಲಿಂಗವನ್ನು ಎಡದ ಅಂಗೈಯಲ್ಲಿ ನೆಲೆಗೊಳಿಸಿದರು. ವಿಭೂತಿ, ಬಿಲ್ವಪತ್ರೆಗಳನ್ನು ನಾವು ಹೆಂಗಸರೂ ಹಾಕಿದೆವು. ಬಟ್ಟೆಯ ತುಂಡನ್ನು ಅವರು ನಮ್ಮ ಕೈಗೆ ಹಿಂದಿರುಗಿಸಿದರು.

ಆ ರಾತ್ರಿ ಮೈಸೂರಿಗೆ ಮರಳಿ ಮನೆಯಲ್ಲಿ ದೀಪ ಹಚ್ಚಿ, ಸ್ನಾನ ಮಾಡಿ, ಎಂದಿನಂತೆ ಪೂಜೆಗೆ ಕುಳಿತೆವು. ಮರುದಿನ ಎದುರು ಮನೆಯ ಅಜ್ಜಿ ಗೇಟಿನ ಹೊರಗೆ ನಿಂತು, ಒಳಗೆ ಬರಲೂ ಆಗದೆ ಹೋಗಲೂ ಆಗದೆ, “ನಿಮಗೆ ಎಷ್ಟು ದಿನ ಮೈಲಿಗೆ? ಅಲ್ಲಿಯವರೆಗೆ ಹೂವು ಕೊಡುವ ಹಾಗಿಲ್ಲವಲ್ಲಾ” ಎಂದು ಕೇಳಿದರು. ಲಿಂಗವಂತರಿಗೆ ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಇಲ್ಲ. ಸಾವಾಯಿತೆಂದು ಲಿಂಗಪೂಜೆ ನಿಲ್ಲುವಂತಿಲ್ಲವೆಂದು ಹೇಳಿದೆವು. (ನಮ್ಮವರಲ್ಲೂ ಕೆಲವು ಮನೆಗಳಲ್ಲಿ ನೆರೆಯವರನ್ನು ನೋಡಿ ದಿನ ಎಣಿಸುವುದುಂಟು. ಮಾವನವರಿಗೆ ಅದು ಸರಿಬರುತ್ತಿರಲಿಲ್ಲ.) ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾಳೆಯೂ ಇಡಲೇ?” ಎಂದರು. ಇಡಿ ಎಂದೆವು. ಅಂದಿನಿಂದ ಇಂದಿನವರೆಗೆ ಹೂವು ತಪ್ಪಿಲ್ಲ. ರಸಬಾಳೆಯ ಬಾಕಿ ನಮ್ಮ ಮೇಲೆ ಬೆಳೆಯುತ್ತಿದೆ.

ಬರಿದಾದ ಕರಡಿಗೆ ಮಾತ್ರ ಒಂದು ವರ್ಷ ಪೂಜೆಯ ಗೂಡಿನಲ್ಲಿಯೇ ಇತ್ತು. ಹನ್ನೊಂದನೆಯ ದಿನದ ಗಣಾರಾಧನೆಗೆ ಬಂದ ಬಂಧುಗಳು ಅದು ಮೊಮ್ಮಗನಿಗೆ ಸೇರಬೇಕೆಂದು ಹೇಳಿಹೋಗಿದ್ದರು. ಹಿರಿಯರೊಬ್ಬರು ಕರಗಿಸಿ ದಾಸೋಹಕ್ಕೆ ಕೊಡಿ ಎಂದರು. ನಮ್ಮ ಮನೆಯವರು ನಿಮ್ಮಿಷ್ಟ ಎಂದರು. ಗಂಡಸರು ನಿಮ್ಮಿಷ್ಟ ಎಂದಾಗ ಅದರ ಅರ್ಥ ಏನೆಂಬುದು ಗೃಹಿಣಿಯರಿಗೆ ಗೊತ್ತು.

ನಡಿಗೆಯಿಂದ ಮರಳಿ ಜಗಲಿಯ ಮೇಲೆ ಕುಳಿತಾಗ ಮೊಮ್ಮಗಳು ಕೇಳಿದಳು: “ತಾತನ ಕರಡಿಗೆ ನನಗೆ ಕೊಡುತ್ತೀರಾ?”

ನಮಗೆ ಕೂಡಲೇ ಉತ್ತರ ಹೊರಡಲಿಲ್ಲ. ಅವಳ ಕೊರಳಿನಲ್ಲ್ಲಿ ಲಿಂಗವಿಲ್ಲದೆ ಮೂರು ವರ್ಷವಾಗಿತ್ತು. ಹುಟ್ಟಿದಾಗ ಕಟ್ಟಿದ್ದನ್ನು, ಎಂಟನೆಯ ವರ್ಷದಲ್ಲಿ ದೀಕ್ಷೆಯಾದದ್ದನ್ನು, ಬೆಂಗಳೂರಿಗೆ ಹೋದ ಮೇಲೆ ಒಂದು ಡಬ್ಬಿಯಲ್ಲಿಟ್ಟಿದ್ದಾಳೆಂಬುದು ನಮಗೆ ತಿಳಿದಿತ್ತು. ಮಾವನವರಿಗೂ ತಿಳಿದಿತ್ತು. ನಾವು ಗದರಿಸಲು ಹೋದಾಗ ತಡೆದಿದ್ದರು. ದೀಕ್ಷೆ ಕೊಡಿಸುವಾಗ, ಹೆಣ್ಣುಮಗುವಿಗೇಕೆ ಇಷ್ಟು ಅದ್ದೂರಿಯೆಂದು ಕೇಳಿದ ನೆಂಟರಿಗೆ, ಬಸವಣ್ಣನವರು ಲಿಂಗವನ್ನು ಗಂಡಿಗೊಂದು ಹೆಣ್ಣಿಗೊಂದು ಎಂದು ಮಾಡಲಿಲ್ಲವೆಂದು ಉತ್ತರಿಸಿದವರೂ ಅವರೇ.

“ಕಟ್ಟಿಕೊಳ್ಳುತ್ತೀಯಾ?” ಎಂದು ಕಿರಿಯಳು ಕೇಳಿದಳು.

“ಗೊತ್ತಿಲ್ಲ ಚಿಕ್ಕಮ್ಮ. ದಿನಾ ಪೂಜೆ ಆಗುತ್ತೋ ಇಲ್ಲವೋ, ಸುಳ್ಳು ಹೇಳಲಾರೆ. ಆದರೆ ಅದು ಡಬ್ಬಿಯಲ್ಲಿರುವುದು ಬೇಡ ಅನ್ನಿಸುತ್ತಿದೆ” ಎಂದಳು. ಮೊಮ್ಮಗನ ಮುಖ ನೋಡಿದೆವು. ಅವನು, “ನೆಗ್ಗು ಮಾಡಿದವಳು ಅವಳೇ ತಾನೇ, ಅವಳೇ ಇಟ್ಟುಕೊಳ್ಳಲಿ. ನನಗೆ ಬೆತ್ತ ಸಾಕು” ಎಂದ.

ಮರುದಿನ ಸ್ಮರಣೆಗೆ ಜಂಗಮರೂ ಬಂಧುಗಳೂ ಬಂದರು. ಎದುರು ಮನೆಯ ಅಜ್ಜಿಯೂ ಬಂದು ಪಂಕ್ತಿಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಊಟ ಮಾಡಲಿಲ್ಲವಾದರೂ ಒಂದು ಲೋಟ ಪಾಯಸ ಕುಡಿದರು. ಎಲ್ಲರೂ ಹೋದ ಮೇಲೆ ಮೊಮ್ಮಗಳು ತನ್ನ ಚೀಲದಿಂದ ಡಬ್ಬಿಯನ್ನು ತೆಗೆದಳು. ಬೆಂಗಳೂರಿನಿಂದ ಹೊರಡುವಾಗಲೇ ತಂದಿದ್ದಳೆಂದು ಆಗ ತಿಳಿಯಿತು. ಕರಡಿಗೆಗೆ ಹೊಸ ಶಿವದಾರ ಹಾಕಿದ್ದೆವು. ಆದರೆ ಅವಳ ಲಿಂಗ ತಾತನ ಲಿಂಗಕ್ಕಿಂತ ಚಿಕ್ಕದು, ಒಳಗೆ ನಿಲ್ಲದೆ ಅಲುಗುತ್ತಿತ್ತು. ಹಿರಿಯಳು ಎದ್ದುಹೋಗಿ, ವರ್ಷದಿಂದ ಮಡಿಸಿ ಇಟ್ಟಿದ್ದ ಪಂಚೆಯ ಅಂಚಿನ ಆ ತುಂಡನ್ನು ತಂದು ಕೊಟ್ಟಳು. ಅವಳು ಅದನ್ನು ಸುತ್ತಿ ಒಳಗಿಟ್ಟು, ಮುಚ್ಚಳ ಹಾಕಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಿದಳು. ಸದ್ದಾಗಲಿಲ್ಲ.